ಪಾಯ ತೆಗೆಯದ ಉಗ್ರಾಣ: ಬನವಾಸಿಯ ನಮ್ಮ ಅಂಗಳದ ಕಬ್ಬಿಣದ ಕಪಾಟು

ಕೇಂದ್ರದ ಸಂರಕ್ಷಿತ ಸ್ಮಾರಕವಾದ ಮಧುಕೇಶ್ವರ ದೇವಸ್ಥಾನದ ಪೌಳಿಗೆ ಕೂಗಳತೆಯಲ್ಲಿ ಮನೆಯಿದ್ದವರು ಹೊರಗೆ ನಾಲ್ಕು ಸಾಮಾನಿಡುವ ಜಾಗ ಮಾಡಿಕೊಳ್ಳಬೇಕಾದರೂ ಮೊದಲು ಕಾನೂನು ತಿಳಿದುಕೊಳ್ಳಬೇಕು. ಅದನ್ನೊಂದು ಕಾಟ ಎನ್ನುವವರು ನಮ್ಮ ಕೇರಿಯಲ್ಲೂ ಇದ್ದಾರೆ. ನನಗೆ ಹಾಗನಿಸುವುದಿಲ್ಲ. ಶಿರಸಿಯ ಒಂದು ವೆಲ್ಡಿಂಗ್ ಶಾಪಿನಲ್ಲಿ ಹೇಳಿ ಮಾಡಿಸಿದ ನಮ್ಮ ಕಪಾಟು ಈಗ ಒಂದು ಮಳೆಗಾಲ, ಒಂದು ಅಡಿಕೆ ಕೊನೆಕೊಯ್ಲು, ಒಂದು ತೇರು ಮೂರನ್ನೂ ದಾಟಿ ಅಂಗಳದ ಮೂಲೆಯಲ್ಲಿ ನಿಂತಿದೆ. ಚೆನ್ನಾಗಿದೆ, ಗಟ್ಟಿಯಿದೆ, ಗುಡಿಯ ಕಡೆಯಿಂದ ನೋಡಿದರೆ ಕಣ್ಣಿಗೇ ಬೀಳುವುದಿಲ್ಲ. ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನದ ಬಳಿ ಮನೆಯಿದ್ದವರಿಗೂ ನಮ್ಮದೇ ಪರಿಸ್ಥಿತಿ ಇರುತ್ತದೆ. ಅಂಥವರಿಗೆ ಉಪಯೋಗವಾಗಲಿ ಎಂದು ಅಳತೆ ಸಮೇತ ಬರೆಯುತ್ತಿದ್ದೇನೆ.

ನಮ್ಮ ಕೊಟ್ಟಿಗೆ ಬಿದ್ದುಹೋದ ಮೇಲೆ ಸಾಮಾನೆಲ್ಲ ಜಗಲಿಗೆ ಬಂದವು. ಅಡಿಕೆಯ ಕೊಳೆರೋಗಕ್ಕೆ ಔಷಧ ಹೊಡೆಯುವ ಪೈಪಿನ ಸುರುಳಿ, ತಾಡಪತ್ರಿ, ಹಾರೆ, ಗುದ್ದಲಿ, ಹುಲ್ಲು ಕತ್ತರಿಸುವ ಯಂತ್ರ, ಅಡಿಕೆ ಹಾಳೆಯ ಕಟ್ಟು, ಖಾಲಿ ಚೀಲ. ಅತ್ತೆ ಮಧ್ಯಾಹ್ನ ಕೂತು ಹೂಬತ್ತಿ ಹೊಸೆಯುವ ಜಾಗದಲ್ಲಿ ಪೆಟ್ರೋಲು ವಾಸನೆ. ಎಂಬತ್ತು ದಾಟಿದವರು ತಮ್ಮ ಮನೆಯ ಜಗಲಿಯಲ್ಲಿ ಕಾಲಿಡಲು ಜಾಗ ಹುಡುಕಬೇಕಾದದ್ದು ನನಗೆ ಸಹಿಸಲಿಲ್ಲ.

ಮೊದಲು ವಿಚಾರಿಸಿದ ಗುತ್ತಿಗೆದಾರರೊಬ್ಬರು ಹಿತ್ತಲಲ್ಲಿ ನಾಲ್ಕು ಕಂಬ ನೆಟ್ಟು, ಮೇಲೆ ಶೀಟು ಹೊದೆಸಿ ಕೊಡುತ್ತೇನೆ ಎಂದರು. "ಹಿಂದ್ಗಡೆ ಯಾರು ಬಂದು ನೋಡ್ತಾರೆ ಅಕ್ಕಾ, ಒಂದು ದಿನದ ಕೆಲಸ." ಅವರಿಗೆ ಅದು ಒಂದು ದಿನದ ಕೆಲಸ. ಆಮೇಲಿನ ನೋಟಿಸು, ಓಡಾಟ, ಕೆಡವುವ ಖರ್ಚು ಎಲ್ಲ ನಮ್ಮ ಪಾಲಿಗೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ, ಸಂರಕ್ಷಿತ ಜಾಗದ ಗಡಿಯಿಂದ ಸುತ್ತಲೂ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಳೆಯಬೇಕಾದದ್ದು ಗರ್ಭಗುಡಿಯಿಂದ ಅಲ್ಲ, ಸಂರಕ್ಷಿತ ಎಂದು ಗುರುತಿಸಿದ ಜಾಗದ ಅಂಚಿನಿಂದ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ನಿಯಂತ್ರಿತ ಪ್ರದೇಶದಲ್ಲಾದರೆ ಅನುಮತಿ ಪಡೆದು ಕಟ್ಟಬಹುದು. ಒಳಗಿನ 100 ಮೀಟರಿನಲ್ಲಿ ನಮ್ಮಂಥ ಮನೆಯವರಿಗೆ ಹೊಸ ಕಟ್ಟಡದ ಮಾತೇ ಇಲ್ಲ. ಇದ್ದ ಮನೆಗೆ ಉದ್ದಕ್ಕೋ ಎತ್ತರಕ್ಕೋ ಏನಾದರೂ ಸೇರಿಸಿದರೆ ಅದೂ ನಿರ್ಮಾಣವೇ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿಗೆ ಅರ್ಜಿ ಹಾಕಬಹುದು. ಬಿದ್ದ ಕೊಟ್ಟಿಗೆಯನ್ನು ಮತ್ತೆ ಎಬ್ಬಿಸುವುದು ಮಾತ್ರ ದುರಸ್ತಿಯ ಲೆಕ್ಕಕ್ಕೆ ಬರುವುದಿಲ್ಲ. ಮೀರಿದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ದಂಡದ ಭಯಕ್ಕಿಂತ ನನಗೆ ನೆಲ ಅಗೆಯುವುದೇ ಬೇಡವಾಗಿತ್ತು. ಉತ್ಖನನದಲ್ಲಿ ಶಾತವಾಹನರ ಕಾಲದ ಅವಶೇಷಗಳು ಸಿಕ್ಕ ಊರು ನಮ್ಮದು. ಗುಡಿಯ ಆವರಣದಲ್ಲಿರುವ ನಾಗಶಿಲ್ಪದ ಮೇಲಿನ ಪ್ರಾಕೃತ ಶಾಸನ ಕದಂಬರಿಗಿಂತಲೂ ಹಳೆಯದು. ಇಂಥ ನೆಲದಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೊಂದು ಸೂರು ಮಾಡಲು ಎರಡಡಿ ಗುಂಡಿ ತೆಗೆಯುವುದು ನನ್ನ ಮನಸ್ಸಿಗೆ ಒಪ್ಪುವ ಮಾತಲ್ಲ.

ಹಾಗಾಗಿ ನನಗೆ ಬೇಕಿದ್ದದ್ದು ಹೀಗಿತ್ತು: ನೆಲ ಮುಟ್ಟಬೇಕು, ನೆಲಕ್ಕೆ ಇಳಿಯಬಾರದು. ಗೋಡೆಯ ಪಕ್ಕ ನಿಲ್ಲಬೇಕು, ಗೋಡೆಗೆ ಅಂಟಬಾರದು. ಹೆಂಚಿನ ಸೂರಿನ ಕೆಳಗೇ ಹಿಡಿಸಬೇಕು. ತೆಗೆಯಿರಿ ಎಂದ ದಿನ ತಳ್ಳಿಕೊಂಡು ಹೋಗುವಂತಿರಬೇಕು. ಚಿತ್ರ ಬರೆದು, ಅಳತೆ ನಮೂದಿಸಿ, ಪಾಯವಿಲ್ಲ, ಸಿಮೆಂಟಿಲ್ಲ, ಜೋಡಣೆಯಿಲ್ಲ ಎಂದು ಪತ್ರ ಮಾಡಿ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಕೊಟ್ಟು, ಸ್ವೀಕೃತಿಯ ಪ್ರತಿ ಇಟ್ಟುಕೊಂಡಿದ್ದೇನೆ. ನಮ್ಮ ಜಿಲ್ಲೆ ಇಲಾಖೆಯ ಧಾರವಾಡ ವಲಯಕ್ಕೆ ಸೇರುತ್ತದೆ. ಗಾಲಿ ಇದೆ, ಹಾಗಾಗಿ ಇದು ಕಟ್ಟಡವಲ್ಲ ಎಂದು ನಾವು ನಾವೇ ತೀರ್ಮಾನಿಸಿ ಸುಮ್ಮನಿರಬಾರದು. ನೀವೂ ಮಾಡಿಸುವ ಮೊದಲೇ ಬರೆದು ಕೇಳಿ.

ಇನ್ನು ಕಪಾಟಿನ ವಿಷಯ. ಉದ್ದ ಆರು ಅಡಿ, ಆಳ ಎರಡೂವರೆ, ಎತ್ತರ ಮುಂದೆ ನಾಲ್ಕೂಕಾಲು, ಹಿಂದೆ ನಾಲ್ಕು. ಚೌಕಟ್ಟಿಗೆ ಒಂದೂವರೆ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಚೌಕ ಪೈಪು, 16 ಗೇಜಿನದು. ಮೂರು ಬದಿಗೆ 8 ಮಿಲಿಮೀಟರಿನ ಸಿಮೆಂಟ್ ಬೋರ್ಡು. ಮಾಡಿಗೆ ಕಂದು ಬಣ್ಣದ ಶೀಟು, ಸುತ್ತಲೂ ಅರ್ಧ ಅಡಿ ಹೊರಚಾಚು. ಎದುರಿನ ಎರಡು ಬಾಗಿಲಿಗೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿ ಮಾಡಿದ ಪಟ್ಟಿ. ಶಾಪಿನವರು ಬಾಗಿಲಿಗೂ ಶೀಟು ಹಾಕೋಣ ಎಂದಿದ್ದರು. ದಬ್ಬೆಯೇ ಬೇಕು ಎಂದು ನಾನು ಹಟ ಹಿಡಿದೆ. ನಮ್ಮ ತೋಟದ ಮರದ ದಬ್ಬೆ, ಒಂದೊಂದರ ನಡುವೆ ಒಂದು ಬೆರಳು ಸಂದು. ಒಳಬದಿಗೆ ಇಲಿ ನುಗ್ಗದಂತೆ ಸಣ್ಣ ಕಣ್ಣಿನ ಜಾಳಿಗೆ. ದಬ್ಬೆಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿ ಒಣಗಿಸಿದ್ದೇವೆ. ಹಳೆ ಮನೆಗಳ ಮಾಡಿನ ಪಕಾಸಿಗೆ ಗೆದ್ದಲು ಬರದಂತೆ ಹಚ್ಚುತ್ತಿದ್ದದ್ದೂ ಅದನ್ನೇ. ಹಚ್ಚುವಾಗ ಕೈಗೆ ಗವಸು ಬೇಕೇ ಬೇಕು, ಚರ್ಮ ಸುಟ್ಟು ಗುಳ್ಳೆ ಏಳುತ್ತದೆ.

ಈ ಬಾಗಿಲು ನನಗೆ ಎಷ್ಟು ಹಿಡಿಸಿದೆ ಎಂದು ಹೇಳಿ ಮುಗಿಸಲಾರೆ. ನಮ್ಮ ಕಡೆ ಮಳೆಗಾಲದಲ್ಲಿ ಸಾಮಾನು ಹಾಳಾಗುವುದು ನೀರು ಬಿದ್ದು ಅಷ್ಟೇ ಅಲ್ಲ, ಗಾಳಿಯಾಡದೆ. ಹೊನ್ನಾವರದಲ್ಲಿ ಅಣ್ಣನ ಮನೆಯಲ್ಲಿ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ತರಿಸಿದ್ದಾರೆ. ಹೊರಗಿನ ಒಂದು ಹನಿಯೂ ಒಳಗೆ ಹೋಗುವುದಿಲ್ಲ. ಆದರೆ ಒಳಗಿನ ತೇವ ಹೊರಗೂ ಬರುವುದಿಲ್ಲ. ಆಷಾಢದಲ್ಲಿ ತೆಗೆದು ನೋಡಿದರೆ ಗೋಣಿಚೀಲದ ಮೇಲೆಲ್ಲ ಬೂಸಲು. ನಮ್ಮ ಕಪಾಟಿನಲ್ಲಿ ಹಾಳೆಯ ಕಟ್ಟುಗಳು ಶ್ರಾವಣದವರೆಗೂ ಬೆಳ್ಳಗೆ ಉಳಿದವು. ಕೆಳಗೆ ನಾಲ್ಕು ಇಂಚು ತೆರವು, ಮುಂದೆ ದಬ್ಬೆಯ ಸಂದು, ಹಿಂದೆ ಮಾಡಿನ ಕೆಳಗೆ ಉದ್ದಕ್ಕೂ ಜಾಳಿಗೆ. ಗಾಳಿ ಕೆಳಗಿಂದ ಬಂದು ಮೇಲಿಂದ ಹೋಗುತ್ತದೆ, ತೇವ ನಿಲ್ಲುವುದಿಲ್ಲ. ಅಲ್ಲದೆ ದಬ್ಬೆಯ ಬಣ್ಣ ಮಳೆಬಿಸಿಲಿಗೆ ಬೂದಿಗೆ ತಿರುಗಿದೆ. ಹಳೆಯ ಮರ, ಚಿರೇಕಲ್ಲು, ಹೆಂಚು ಇವುಗಳ ನಡುವೆ ಅದು ಬೇರೆಯೇ ಎಂದು ಅನಿಸುವುದಿಲ್ಲ.

ಕಾಲುಗಳ ಕೆಲಸ ಶಾಪಿನ ಹುಡುಗನ ಕೈಚಳಕ. ನಾಲ್ಕು ಮೂಲೆಗೆ ತಿರುಗಿಸಿ ಎತ್ತರ ಹೊಂದಿಸುವ ಸ್ಕ್ರೂ ಕಾಲು, ಒಳಗಡೆ ಆರು ಇಂಚಿನ ನಾಲ್ಕು ಗಾಲಿ. ಕಾಲು ಇಳಿಸಿದಾಗ ಭಾರವೆಲ್ಲ ಕಾಲಿನ ಮೇಲೆ, ಗಾಲಿ ನೆಲದಿಂದ ಮೇಲೆ. ಕಾಲು ಎತ್ತಿದರೆ ಗಾಲಿ ನೆಲಕ್ಕೆ. ಪ್ರತಿ ಕಾಲಿನ ಅಡಿಗೆ ಒಂದು ಚಿರೇಕಲ್ಲು, ಗಾರೆಯಿಲ್ಲದೆ ಸುಮ್ಮನೆ ಇಟ್ಟದ್ದು. ತೇರಿನ ಹೊತ್ತಿಗೆ ಅಂಗಳಕ್ಕೆ ಚಪ್ಪರ ಹಾಕಬೇಕಿತ್ತು, ನೆಂಟರೆಲ್ಲ ಬರುವವರಿದ್ದರು. ನಾಲ್ಕು ಜನ ಸೇರಿ ಕಪಾಟನ್ನು ಸಾಮಾನು ಸಮೇತ ಹಿತ್ತಲಿಗೆ ತಳ್ಳಿದರು. ಮಾರನೆಯ ದಿನ ಅದು ಮತ್ತೆ ತನ್ನ ಮೂಲೆಗೆ. ಕೆಳಗಿದ್ದ ನೆಲದಲ್ಲಿ ಕಲ್ಲಿನ ಅಚ್ಚು ಬಿಟ್ಟರೆ ಬೇರೆ ಗುರುತಿರಲಿಲ್ಲ. ಅದನ್ನು ನೋಡಿದಾಗ ನನಗಾದ ಸಮಾಧಾನ ದೊಡ್ಡದು.

ನೆಲಕ್ಕೆ ಬಿಗಿಯದ ಕಪಾಟು ಗಾಳಿಗೆ ಉರುಳುವುದಿಲ್ಲವೇ ಎಂದು ಅತ್ತೆ ಕೇಳಿದ್ದರು. ಸರಿಯಾದ ಪ್ರಶ್ನೆ. ಎತ್ತರ ಕಡಿಮೆ ಇಡಿಸಿದ್ದು ಅದಕ್ಕೇ. ಹಾರೆ, ಗುದ್ದಲಿ, ಯಂತ್ರ ಎಲ್ಲ ಕೆಳಗಿನ ತಟ್ಟಿನಲ್ಲಿ, ಹಗುರದ್ದೆಲ್ಲ ಮೇಲೆ. ಈ ಮಳೆಗಾಲದ ಗಾಳಿಗೆ ಅಲುಗಲಿಲ್ಲ. ಆರಡಿ ಎತ್ತರದ ಕಪಾಟನ್ನು ಹೀಗೆ ಬಿಗಿಯದೆ ನಿಲ್ಲಿಸಲು ನಾನು ಹೇಳಲಾರೆ.

ಕುಂದುಗಳೂ ಇವೆ. ಬಾಗಿಲಿನ ಕೀಲು ಸ್ಟೇನ್‌ಲೆಸ್ ಹಾಕುತ್ತೇವೆ ಎಂದು ಮಾತಾಗಿತ್ತು. ಬಂದದ್ದು ಬಣ್ಣ ಬಳಿದ ಸಾದಾ ಕಬ್ಬಿಣ. ಜುಲೈ ಮುಗಿಯುವ ಮೊದಲೇ ಕಂದು ನೀರು ಇಳಿಸತೊಡಗಿತು. ಫೋನು ಮಾಡಿದಾಗ ತಕರಾರು ಮಾಡದೆ ಬಂದು ಬದಲಿಸಿದರು, ಬಾಡಿಗೆಯನ್ನೂ ಕೇಳಲಿಲ್ಲ. ಆದರೂ ಮೊದಲೇ ಸರಿಯಾದದ್ದು ಹಾಕಬೇಕಿತ್ತು. ಎರಡನೆಯದು ಬೆಸುಗೆ. ಜಿಐ ಪೈಪಿನ ಮೇಲಿನ ಸತುವಿನ ಲೇಪ ವೆಲ್ಡಿಂಗ್ ಶಾಖಕ್ಕೆ ಸುಟ್ಟುಹೋಗುತ್ತದೆ. ಹಾಗಾಗಿ ಪೈಪೆಲ್ಲ ಹೊಸತರಂತಿದ್ದರೂ ತುಕ್ಕು ಶುರುವಾಗುವುದು ಜೋಡಣೆಯಲ್ಲೇ. ಬೆಸುಗೆಯ ಕಿಟ್ಟ ಕೆರೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಜಿಂಕ್ ಪ್ರೈಮರ್ ಎರಡು ಕೋಟು ಹೊಡೆದು ಆಮೇಲೆ ಬಣ್ಣ ಹಾಕಬೇಕು. ಮೇಲಿನ ಜೋಡಣೆಗಳಿಗೆಲ್ಲ ಹಾಗೆ ಮಾಡಿದ್ದಾರೆ. ಕಣ್ಣಿಗೆ ಕಾಣದ ತಳದ ಎರಡು ಕಡೆ ಬರೀ ಬಣ್ಣ. ಶಾಪಿನಲ್ಲೇ ಕಪಾಟನ್ನು ಅಡ್ಡ ಮಲಗಿಸಿ ತಳ ತೋರಿಸಲು ಹೇಳಿ, ನಾಚಿಕೆ ಬೇಡ.

ನೈರುತ್ಯದಿಂದ ಎರಚಲು ಬಂದಾಗ ದಬ್ಬೆಯ ಸಂದಿಯಿಂದ ಮುಂದಿನ ಅರ್ಧ ಅಡಿ ನೆನೆಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಹೊರಗಿನಿಂದ ಒಂದು ಗೋಣಿ ಪರದೆ ಇಳಿಬಿಡುತ್ತೇನೆ, ಅಷ್ಟು ಸಾಕು. ಚಳಿಗಾಲದಲ್ಲಿ ಬೇರೆ ಪಾಡು: ಬೆಳಗಿನ ಜಾವ ಮಾಡಿನ ಶೀಟು ತಣ್ಣಗಾಗಿ ಒಳಗಡೆ ಬೆವರಿ ಹನಿ ಕಟ್ಟುತ್ತದೆ. ಶೀಟಿನ ಕೆಳಗೆ ಹಾಳೆಗಳನ್ನು ಹಾಸಿ ದಬ್ಬೆಯಿಂದ ಒತ್ತಿ ಕಟ್ಟಿದ ಮೇಲೆ ಹನಿ ಕೆಳಗೆ ಬೀಳುವುದು ನಿಂತಿತು.

ಅಡಿಕೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ಮೈಲುತುತ್ತವನ್ನು (ಕಾಪರ್ ಸಲ್ಫೇಟ್) ಇಂಥ ಕಪಾಟಿನಲ್ಲಿ ಚೀಲ ಸಮೇತ ಇಡಬೇಡಿ. ತೇವಕ್ಕೆ ಕರಗಿದ ಮೈಲುತುತ್ತ ಸತುವನ್ನು ತಿಂದುಹಾಕುತ್ತದೆ, ಆಮೇಲೆ ಕಬ್ಬಿಣ ಬರಿಮೈ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತೋಟ ಸ್ವಲ್ಪ ದೊಡ್ಡದಾದರೆ ಮನೆಯಲ್ಲಿ ಚೀಲಗಟ್ಟಲೆ ಇರುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆಯೇ ಇಡಿ. ಔಷಧ ಹೊಡೆದ ಪೈಪನ್ನೂ ಬರೀ ನೀರು ಹಾಯಿಸಿ ತೊಳೆದೇ ಒಳಗೆ ಸುತ್ತಿಡುವುದು. ಪೆಟ್ರೋಲು ಕ್ಯಾನನ್ನು ನಾನು ಇದರಲ್ಲಿ ಇಡುವುದಿಲ್ಲ, ಯಂತ್ರದ ಟ್ಯಾಂಕನ್ನೂ ಖಾಲಿ ಮಾಡಿಯೇ ಇಡುತ್ತೇವೆ. ಹೆಂಚಿನ ಮನೆಯ ಮರದ ಸೂರಿನ ಕೆಳಗೆ, ಅದೂ ಗುಡಿಯ ಇಷ್ಟು ಹತ್ತಿರ, ಬೆಂಕಿಯ ವಿಷಯದಲ್ಲಿ ಸದರ ಕೂಡದು. ಕೊನೆ ಕೊಯ್ಯುವ ದೋಟಿ ಉದ್ದವಾದ್ದರಿಂದ ಇದರಲ್ಲಿ ಹಿಡಿಸುವುದಿಲ್ಲ, ಅದಕ್ಕೆ ಮೊದಲಿನಂತೆ ಜಗಲಿಯ ಕೊಕ್ಕೆಯೇ.

ಕಪಾಟಿಗೆ 21,500 ರೂಪಾಯಿ, ಶಿರಸಿಯಿಂದ ತರುವ ಗಾಡಿ ಬಾಡಿಗೆ ಬೇರೆ. ದಬ್ಬೆ, ಗೇರೆಣ್ಣೆ ನಮ್ಮದೇ. ಅಣ್ಣನ ಪ್ಲಾಸ್ಟಿಕ್ ಪೆಟ್ಟಿಗೆ ಇದರ ಅರ್ಧಕ್ಕೂ ಕಡಿಮೆಗೆ ಬಂದಿದೆ, ನಿಜ. ಉಪ್ಪುಗಾಳಿ ಬೀಸುವ ಕಡಲಂಚಿನಲ್ಲಿ, ತೇವಕ್ಕೆ ಕೆಡದ ಸಾಮಾನಿಗಾದರೆ ಅದೇ ಒಳ್ಳೆಯದು ಎಂದೂ ಹೇಳುತ್ತೇನೆ. ಕಾರವಾರ, ಹೊನ್ನಾವರ, ಭಟ್ಕಳದವರು ನನ್ನ ನಮೂನೆಯೇ ಬೇಕೆಂದರೆ ಜಿಐ ಬದಲು ಅಲ್ಯೂಮಿನಿಯಂ ಚೌಕಟ್ಟು, ಸ್ಟೇನ್‌ಲೆಸ್ ಬೋಲ್ಟು ಕೇಳಿ. ಬೆಲೆ ಏರುತ್ತದೆ, ಆದರೆ ಕಡಲ ಗಾಳಿಗೆ ಜಿಐ ಬೆಸುಗೆ ಹೆಚ್ಚು ಕಾಲ ತಡೆಯುವುದಿಲ್ಲ.

ಗುಡಿ ನೋಡಲು ಬಂದವರು ನಮ್ಮ ಕೇರಿಯಲ್ಲಿ ನಿಂತು ಫೋಟೋ ತೆಗೆಯುತ್ತಾರೆ. ಕಪಾಟು ಬಂದ ಹೊಸತರಲ್ಲಿ ನಾನೂ ರಸ್ತೆಗೆ ಹೋಗಿ ನಿಂತು, ಪೌಳಿಯ ಬಾಗಿಲಿನಿಂದಲೂ ನೋಡಿದೆ. ಸೂರಿನ ನೆರಳು, ಅದರ ಕೆಳಗೆ ಕಂದು, ಬೂದು. ಅಷ್ಟೇ. ಜಗಲಿಯಲ್ಲಿ ಅತ್ತೆ ಮತ್ತೆ ಬತ್ತಿ ಹೊಸೆಯುತ್ತಿದ್ದಾರೆ, "ಈಗ ಕಾಲು ಚಾಚಲೆ ಆತು ನೋಡು" ಎಂದರು. ಅವರ ಬಾಯಿಂದ ಅಷ್ಟು ಬಂದರೆ ಬಹಳವಾಯಿತು.

ಹಿಂದಿನ ಓಣಿಯವರು ಚಿತ್ರ ಕೇಳಿ ಒಯ್ದಿದ್ದಾರೆ. ಅವರ ಅಂಗಳ ಕಿರಿದು, ನೆಲ ಮೆತ್ತಗೆ. ಮಳೆಗಾಲದಲ್ಲಿ ನಮ್ಮ ಆರಿಂಚಿನ ಗಾಲಿಯೇ ಕೆಸರಿನಲ್ಲಿ ಹೂತು ಒಮ್ಮೆ ಹಲಗೆ ಹಾಕಿ ಎತ್ತಬೇಕಾಯಿತು. ಆಳವನ್ನು ಎರಡು ಅಡಿಗೆ ಇಳಿಸಿ, ಗಾಲಿ ಎಂಟು ಇಂಚಿನದು ಹಾಕಿಸಿ, ಕೀಲನ್ನು ಶಾಪಿನಲ್ಲೇ ಆಯಸ್ಕಾಂತ ಹಿಡಿದು ನೋಡಿ, ಗಟ್ಟಿಯಾಗಿ ಕಚ್ಚಿಕೊಂಡರೆ ಬೇರೆ ಹಾಕಿ ಎನ್ನಿ ಎಂದು ಹೇಳಿ ಕಳಿಸಿದ್ದೇನೆ. ಇಲಾಖೆಗೆ ಕೊಟ್ಟ ಪತ್ರದ ನಕಲನ್ನೂ ಚಿತ್ರದ ಜೊತೆಗೇ ಇಟ್ಟಿದ್ದೇನೆ.