ನಾಲ್ಕೂ ಕಡೆ ಎಳೆಯುವ ಯಂತ್ರ: ಎರಡು ವರ್ಷ ಬಳಸಿದ ಮೇಲೆ

ಕೃತಕ ಹೃದಯ ಕವಾಟಕ್ಕೆ ಬಳಸುವ ದನದ ಪೆರಿಕಾರ್ಡಿಯಂ, ಅಂದರೆ ಹೃದಯವನ್ನು ಸುತ್ತಿಕೊಂಡಿರುವ ಪೊರೆ, ಎಳೆದಾಗ ಹೇಗೆ ಹಿಗ್ಗುತ್ತದೆ ಅಂತ ಅಳೆಯೋದು ನನ್ನ ಕೆಲಸ. ನಮ್ಮ ಪ್ರಯೋಗಾಲಯಕ್ಕೆ ಬೈಆಕ್ಸಿಯಲ್, ಅಂದರೆ ಉದ್ದಕ್ಕೂ ಅಡ್ಡಕ್ಕೂ ಒಟ್ಟಿಗೇ ಎಳೆಯುವ, ಯಂತ್ರ ಬಂದು ಎರಡು ವರ್ಷವಾಯಿತು. ತಗೊಳ್ಳಬಹುದಾ ಅಂತ ಕೇಳುವವರಿಗಾಗಿ ಇದು.

ಮುಂಚೆ ಇದ್ದದ್ದು ಒಂದೇ ದಿಕ್ಕಿಗೆ ಎಳೆಯುವ ಯಂತ್ರ. ಒದ್ದೆ ಪೊರೆ ಕ್ಲ್ಯಾಂಪಿನಿಂದ ಜಾರುತ್ತಿತ್ತು. ಬಿಗಿ ಮಾಡಿದರೆ ಕ್ಲ್ಯಾಂಪಿನ ಅಂಚಿಗೇ ಹರಿಯುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಕವಾಟದ ಎಸಳು ಎದೆಯೊಳಗೆ ಒಂದೇ ಕಡೆಗೆ ಎಳೆಸಿಕೊಳ್ಳುವುದಿಲ್ಲ. ಮುಚ್ಚಿಕೊಂಡಾಗ ರಕ್ತದ ಒತ್ತಡ ಅದನ್ನು ಉದ್ದಕ್ಕೂ ಅಡ್ಡಕ್ಕೂ ಒಟ್ಟಿಗೇ ಹಿಗ್ಗಿಸುತ್ತದೆ. ಪೊರೆಗೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳು ಒಂದು ಕಡೆಗೆ ಹೆಚ್ಚು ವಾಲಿರುವುದರಿಂದ ಆ ದಿಕ್ಕು ಬಿಗಿ, ಇನ್ನೊಂದು ಸಡಿಲ.

ಈ ಯಂತ್ರದಲ್ಲಿ ಚೌಕದ ತುಂಡನ್ನು ನಾಲ್ಕೂ ಬದಿಯಲ್ಲಿ ಕೊಕ್ಕೆಗೆ ಸಿಕ್ಕಿಸಿ, 37 ಡಿಗ್ರಿ ಸಲೈನ್ (ಉಪ್ಪುನೀರು) ತೊಟ್ಟಿಯಲ್ಲಿ ಮುಳುಗಿಸಿ ಎಳೆಯುತ್ತೇವೆ. ನಡುವೆ ಇಟ್ಟ ನಾಲ್ಕು ಕಪ್ಪು ಚುಕ್ಕೆಗಳನ್ನು ಕ್ಯಾಮೆರಾ ಹಿಂಬಾಲಿಸುತ್ತದೆ. ಕೊಕ್ಕೆಯ ಸುತ್ತ ಪೊರೆ ಸೊಟ್ಟಗೆ ಎಳೆದುಕೊಂಡರೂ ನಡುವಿನ ಲೆಕ್ಕ ಹೆಚ್ಚು ಕೆಡುವುದಿಲ್ಲ. ಇದೊಂದಕ್ಕೇ ನಾನು ಪೂರ್ತಿ ಅಂಕ ಕೊಡುತ್ತೇನೆ. ಅರ್ಧ ಮಿಲಿಮೀಟರ್‌ಗೂ ತೆಳ್ಳಗಿನ ಪೊರೆಗೆ ಚಿಮಟ ಹಿಡಿದು ಕೊಕ್ಕೆ ಚುಚ್ಚುವುದು ಮಾತ್ರ ತಾಳ್ಮೆಯ ಕೆಲಸ, ಒಂದು ಕೊಕ್ಕೆ ಓರೆಯಾದರೂ ಎಲ್ಲಾ ಬಿಚ್ಚಿ ಮತ್ತೆ ಶುರು.

ತಕರಾರು ಇರುವುದು ಸೊನ್ನೆಯ ಬಗ್ಗೆ, ಅಂದರೆ ಬಲದ ಅಂಕಿ ಎಲ್ಲಿಂದ ಶುರುವಾಗಬೇಕು ಅನ್ನುವ ಬಗ್ಗೆ. ಕೊಲಾಜೆನ್ ನಾರು ಸಹಜವಾಗಿ ಅಲೆಅಲೆಯಾಗಿರುತ್ತದೆ. ಮೊದಲು ಆ ಅಲೆ ನೇರವಾಗುತ್ತದೆ, ಆಗ ಬೇಕಾಗುವ ಬಲ ಬಹಳ ಕಮ್ಮಿ; ನೇರವಾದ ಮೇಲೆ ಗ್ರಾಫ್ ದಿಢೀರನೆ ಮೇಲೇಳುತ್ತದೆ. ಒತ್ತಡ ಹಾಕಿಟ್ಟು ಗ್ಲೂಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ಹದ ಮಾಡಿದರೆ ಅಲೆ ಬಹುಮಟ್ಟಿಗೆ ಉಳಿಯುವುದಿಲ್ಲ. ಪೊರೆ ಹೇಗೆ ಹದವಾಗಿದೆ ಅಂತ ತಿಳಿಯುವುದು ಶುರುವಿನ ಆ ಕೆಲವು ಗ್ರಾಂ ಬಲದಲ್ಲೇ. ಈ ಯಂತ್ರದ ಸಾಫ್ಟ್‌ವೇರ್ ಸ್ವಿಚ್ ಹಾಕಿದ ಕೂಡಲೇ, ತೊಟ್ಟಿ ಇನ್ನೂ ತಣ್ಣಗಿರುವಾಗಲೇ, ತಾನಾಗಿ ಸೊನ್ನೆ ಮಾಡಿಕೊಳ್ಳುತ್ತದೆ. ಆಮೇಲೆ ನೀರು ಬಿಸಿಯಾದಂತೆ ಲೋಡ್ ಸೆಲ್, ಅಂದರೆ ಬಲ ಅಳೆಯುವ ಸಾಧನ, ತೋರಿಸುವ ಅಂಕಿ ಮೆಲ್ಲಗೆ ಸರಿಯುತ್ತದೆ. ಒಂದು ಸಂಜೆ ತುಂಡು ತೆಗೆದ ಮೇಲೂ ಪರದೆಯಲ್ಲಿ 4 ಗ್ರಾಂ ಉಳಿದಿತ್ತು. ಖಾಲಿ ಕೊಕ್ಕೆಗೆ ಎಲ್ಲಿಯ ಭಾರ? ಮೂರು ವಾರದ ಅಳತೆಗಳನ್ನು ಪಕ್ಕಕ್ಕಿಟ್ಟೆವು. ಆ ಪೊರೆಗಳು ಮತ್ತೆ ಸಿಗುವಂಥವಲ್ಲ, ನನಗೆ ಅದು ಇವತ್ತಿಗೂ ನೋವು. ಸರ್ವಿಸ್‌ನವರು ಬಂದು, ತೊಟ್ಟಿ ಬಿಸಿಯಾದ ಮೇಲೆ ಸೊನ್ನೆ ಮಾಡಬೇಕು ಅಂತ ಕೈಪಿಡಿಯಲ್ಲಿ ಬರೆದಿದೆಯಲ್ಲ ಅಂದರು. ಬರೆದಿದೆ, ಹಿಂದಿನ ಪುಟಗಳಲ್ಲಿ, ಒಂದೇ ಸಾಲಿನಲ್ಲಿ.

ಬಾಳಿಕೆ ಪರೀಕ್ಷೆಯೂ ಇದರಲ್ಲೇ ಆಗುತ್ತದಾ ಅಂತ ಕೇಳುತ್ತಾರೆ. ಇಲ್ಲ. ಕೃತಕ ಹೃದಯ ಕವಾಟಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 5840 ಅಂಗಾಂಶದ ಕವಾಟಕ್ಕೆ ಕೇಳುವ 20 ಕೋಟಿ ಬಡಿತಕ್ಕೆ ಬೇರೆಯದೇ ಯಂತ್ರ ಬೇಕು.

ನಾನಾದರೆ ಇದನ್ನೇ ಮತ್ತೆ ಕೊಳ್ಳುತ್ತೇನೆ. ನೀವು ನೋಡಲು ಹೋದಾಗ ಮಾರುವವರು ರಬ್ಬರ್ ಹಾಳೆ ಎಳೆದು ತೋರಿಸುತ್ತಾರೆ. ಅದು ಬೇಡ ಅನ್ನಿ. ಖಾಲಿ ಕೊಕ್ಕೆ ಹಾಕಿಸಿ, ತೊಟ್ಟಿ ಬಿಸಿ ಮಾಡಿಸಿ, ಒಂದು ಗಂಟೆ ಕೂತು ಅಂಕಿ ಎಷ್ಟು ಸರಿಯುತ್ತದೆ ಅಂತ ನೋಡಿ.