ಅಘನಾಶಿನಿ ದಂಡೆಯ ಮೀನೂಟ: ಇಳಿತ ನೋಡಿಕೊಂಡು ಹೋಗಿ

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ಮನೆ ಜಗಲಿಯಲ್ಲೇ ನಡೆಯುವ ಮೀನೂಟದ ಪುಟ್ಟ ಹೋಟೆಲ್ ಇದು. ಬೋರ್ಡಿಲ್ಲ, ಮೆನುವೂ ಇಲ್ಲ. ಏನಿದೆ ಅಕ್ಕಾ ಅಂತ ಕೇಳಿದೆವು. "ಈಗಷ್ಟೇ ಇಳಿತ ಆಗಿದೆ, ಬೆಳಚು ಬರಬೇಕು, ಕೂತ್ಕೊಳ್ಳಿ" ಅಂದರು. ಇಳಿತ ಅಂದರೆ ಸಮುದ್ರದ ನೀರು ಹಿಂದೆ ಸರಿಯುವ ಹೊತ್ತು, ಬೆಳಚು ಅಂದರೆ ಕೆಸರಲ್ಲಿ ಸಿಗುವ, ತಿನ್ನುವ ಚಿಪ್ಪು.

ಒಂದೂವರೆ ಗಂಟೆ ಕಾದೆವು. ಬೇಜಾರೇನೂ ಆಗಲಿಲ್ಲ, ಯಾಕೆಂದರೆ ಎದುರಿಗೇ ಸೊಂಟದವರೆಗಿನ ನೀರಲ್ಲಿ ಹೆಂಗಸರು ಕಾಲಿನಿಂದ ಕೆಸರು ತಡವಿ, ಬೆಳಚು ಸಿಕ್ಕಿದ ಕಡೆ ಬಗ್ಗಿ ಕೈಯಿಂದ ಆರಿಸಿ ಬುಟ್ಟಿಗೆ ಹಾಕುತ್ತಿದ್ದರು. ಬಲೆ ಇಲ್ಲ, ಯಂತ್ರ ಇಲ್ಲ. ಭರತ ಬಂದರೆ, ಅಂದರೆ ನೀರು ಮತ್ತೆ ಏರಿದರೆ, ಕೆಲಸ ಮುಗಿಯಿತು, ಅಷ್ಟೇ. ಬುಟ್ಟಿ ದಡಕ್ಕೆ ಬಂದ ಮೇಲೆ ಅಕ್ಕ ಸಣ್ಣ ಚಿಪ್ಪುಗಳನ್ನೆಲ್ಲ ಬೇರೆ ಮಾಡಿ ವಾಪಸ್ ನೀರಿಗೆ ಹಾಕಿಸಿದರು. "ಇದನ್ನೂ ತಿಂದ್ರೆ ಮುಂದಿನ ವರ್ಷಕ್ಕೆ ಏನು ಉಳೀತದೆ?"

ಬೆಳಚು ಸುಕ್ಕಾ ತುಂಬಾ ಚೆನ್ನಾಗಿತ್ತು. ಕಾಯಿ ಹದವಾಗಿತ್ತು, ಖಾರ ಸ್ವಲ್ಪ ಜಾಸ್ತಿ. ನೋಗ್ಲಿ ಮೀನಿನ ಫ್ರೈ ಕೂಡ ತಾಜಾ. ಆದರೆ ಎರಡು ಮೂರು ಚಿಪ್ಪಲ್ಲಿ ಮರಳು ಸಿಕ್ಕಿತು, ಇನ್ನಷ್ಟು ಹೊತ್ತು ನೀರಲ್ಲಿ ಬಿಡಬೇಕಿತ್ತು. ಹೇಳಿದಾಗ ಬೇಸರ ಮಾಡಿಕೊಳ್ಳದೆ ಇನ್ನೊಂದು ಪ್ಲೇಟ್ ಕೊಟ್ಟರು.

ಅನ್ನ ಕಗ್ಗ ಅಕ್ಕಿಯದ್ದು, ಗಜನಿಯಲ್ಲಿ, ಅಂದರೆ ಅಳಿವೆ ಪಕ್ಕದ ತಗ್ಗು ಗದ್ದೆಯಲ್ಲಿ, ಉಪ್ಪುನೀರು ತಾಳಿಕೊಂಡು ಬೆಳೆಯುವ ಭತ್ತ. ತೆನೆ ಮಾತ್ರ ಕೊಯ್ದು ಹುಲ್ಲು ಅಲ್ಲೇ ಬಿಡುತ್ತಾರೆ, ಅದು ಕೊಳೆತು ಸಿಗಡಿ ಮೀನಿಗೆ ಆಹಾರವಾಗುತ್ತದೆ. ಅದೇ ಗದ್ದೆಯಲ್ಲಿ ಮಳೆಗಾಲದಲ್ಲಿ ಅನ್ನ, ಆಮೇಲೆ ಮೀನು! ನನ್ನ ತಟ್ಟೆಯಲ್ಲಿ ಎರಡೂ ಇತ್ತು. ಇಲ್ಲಿ ಇದೆಲ್ಲ ಇನ್ನೂ ಉಳಿದಿರುವುದಕ್ಕೆ ಈ ನದಿಗೆ ಅಣೆಕಟ್ಟು ಇಲ್ಲದಿರುವುದೂ ಒಂದು ಕಾರಣ. ಸಿಹಿನೀರು ಉಪ್ಪುನೀರು ಬೆರೆಯುವುದು ನಿಂತರೆ ಬೆಳಚೂ ಇಲ್ಲ, ಕಗ್ಗವೂ ಇಲ್ಲ. 2024ರಲ್ಲಿ ಈ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ರಾಮ್‌ಸಾರ್ ಮಾನ್ಯತೆ ಸಿಕ್ಕಿತು, ತುಂಬಾ ಖುಷಿಯ ವಿಷಯ. ಆದರೆ ಅದನ್ನು ಕಾಪಾಡುವ ಮಾತು ಬಂದಾಗ ಮೊದಲು ಕೇಳಬೇಕಾದವರು ದಿನಾ ಈ ನೀರಿಗಿಳಿಯುವ ಈ ಹೆಂಗಸರು, ಅಲ್ವಾ?

ಪಕ್ಕದ ಬೆಂಚಿನವರು ಅಂಜಲ್ ಮೀನೇ ಬೇಕು ಅಂತ ಹಟ ಮಾಡಿ ಎದ್ದು ಹೋದರು. ದಯವಿಟ್ಟು ಹಾಗೆ ಮಾಡಬೇಡಿ, ಆ ದಿನ ಬಂದಿದ್ದನ್ನು ತಿನ್ನಿ.

ಇಬ್ಬರಿಗೆ 420 ರೂಪಾಯಿ ಆಯಿತು. ನಗದು ಇಟ್ಟುಕೊಂಡು ಹೋಗಿ, ಅಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ. ಇಳಿತದ ಹೊತ್ತು ದಿನಾ ಬದಲಾಗುತ್ತದೆ, ಹಿಂದಿನ ದಿನವೇ ಊರಲ್ಲಿ ಯಾರನ್ನಾದರೂ ಕೇಳಿಕೊಳ್ಳಿ.