ಸಂಜೆಯ ಹುಲ್ಲುಗಾವಲು: ಸೂರ್ಯನನ್ನು ಎಲ್ಲಿಡಬೇಕು, ಕ್ಯಾಮೆರಾವನ್ನು ಎಷ್ಟು ಎತ್ತರದಲ್ಲಿ ಹಿಡಿಯಬೇಕು?

ತುಮಕೂರು ಜಿಲ್ಲೆಯಲ್ಲಿ ಬಯಲು ಹುಲ್ಲುಗಾವಲನ್ನು ನೋಡಬೇಕೆನ್ನುವವರಿಗೆ ಮೊದಲು ನೆನಪಾಗುವುದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇರುವುದು ಇಲ್ಲಿಯೇ. ವಿಸ್ತೀರ್ಣ 798 ಎಕರೆ. ಈ ಭಾಗದಲ್ಲಿ ಮಳೆ ಹೆಚ್ಚಾಗಿ ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಹಾಗಾಗಿ ಡಿಸೆಂಬರ್ ಹೊತ್ತಿಗೆ ಹುಲ್ಲು ಮೊಣಕಾಲೆತ್ತರ ಬೆಳೆದು, ತೆನೆ ಒಡೆದು, ಒಣಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಕಣ್ಣಿಗೆ ಇದು ತುಂಬ ಚೆಂದ, ಚಿತ್ರಕ್ಕೆ ಮಾತ್ರ ತುಂಬ ಕಷ್ಟ. ನೆಲವೆಲ್ಲ ಸಮತಟ್ಟಾಗಿರುವುದರಿಂದ ಕಣ್ಣು ನಿಲ್ಲುವುದಕ್ಕೆ ಒಂದು ಗೊತ್ತಾದ ಜಾಗವಿಲ್ಲ; ಸುಮ್ಮನೆ ಕ್ಯಾಮೆರಾ ಎತ್ತಿ ಕ್ಲಿಕ್ಕಿಸಿದರೆ ಕೆಳಗೊಂದು ಕಂದು ಪಟ್ಟಿ, ಮೇಲೊಂದು ಕಿತ್ತಳೆ ಪಟ್ಟಿ ಬಂದು ಕೂರುತ್ತದೆ. ಈ ಬಯಲಿನಲ್ಲಿಯೂ ಆಸುಪಾಸಿನ ಗೋಮಾಳಗಳಲ್ಲಿಯೂ ಚೌಕಟ್ಟು ಕಟ್ಟುವ ಬೇರೆ ಬೇರೆ ವಿಧಾನಗಳನ್ನು ಒಂದೇ ಕ್ಯಾಮೆರಾದಿಂದ, ಅಂದರೆ ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರ್ (ಬೆಳಕನ್ನು ಗ್ರಹಿಸುವ ಭಾಗ) ಮತ್ತು ಎರಡು ಸಾಧಾರಣ ಜೂಮ್ ಲೆನ್ಸ್‌ಗಳಿಂದ, ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದಾಗ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಆಯ್ಕೆ ಸೂರ್ಯನಿಗೆ ಸಂಬಂಧಿಸಿದ್ದು. ಅವನನ್ನು ಚೌಕಟ್ಟಿನೊಳಗೆ ಇಡಬಹುದು, ಚೌಕಟ್ಟಿನ ಅಂಚಿನಿಂದ ತುಸು ಆಚೆಗೆ ತಳ್ಳಬಹುದು, ಇಲ್ಲವೇ ಬೆನ್ನಿಗೆ ಹಾಕಿಕೊಂಡು ಪೂರ್ವಕ್ಕೆ ತಿರುಗಬಹುದು. ಹೆಚ್ಚಿನವರು ಮೊದಲನೆಯದನ್ನೇ ಮಾಡುತ್ತಾರೆ, ಆದರೆ ಹುಲ್ಲಿನ ಚಿತ್ರಕ್ಕೆ ಅದೇ ಹೆಚ್ಚು ತೊಂದರೆ ಕೊಡುತ್ತದೆ. ಸೂರ್ಯ ಒಳಗಿದ್ದರೆ ಕ್ಯಾಮೆರಾ ಅವನ ಬೆಳಕಿಗೆ ತಕ್ಕಂತೆ ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕಿನ ಪ್ರಮಾಣ) ಇಳಿಸಿ ಹುಲ್ಲನ್ನು ಕಪ್ಪು ಮಾಡುತ್ತದೆ. ಹುಲ್ಲಿಗೆ ತಕ್ಕಂತೆ ಏರಿಸಿದರೆ ಆಕಾಶದಲ್ಲಿ ಬಣ್ಣವಿಲ್ಲದ ಬಿಳಿ ಕಲೆಯೊಂದು ಉಳಿಯುತ್ತದೆ. ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ತೆಗೆದ ಚಿತ್ರಗಳನ್ನು ಬೆಸೆಯುವುದು ಕಟ್ಟಡಗಳಿಗೆ ಸರಿ. ಗಾಳಿಗೆ ಓಲಾಡುವ ತೆನೆಗಳನ್ನು ಬೆಸೆದಾಗ ಒಂದೊಂದು ತೆನೆಯೂ ಎರಡೆರಡಾಗಿ ಕಾಣುತ್ತದೆ. ಬೆನ್ನಿಗೆ ಸೂರ್ಯನಿದ್ದರೆ ಬಣ್ಣವೇನೋ ಬೆಚ್ಚಗೆ, ಸಮನಾಗಿ ಬರುತ್ತದೆ, ಆದರೆ ತೆನೆಗಳ ಆಕಾರ ಚಪ್ಪಟೆಯಾಗುತ್ತದೆ. ಜೊತೆಗೆ ನೆರಳಿನ ಕಾಟ: ಸೂರ್ಯ 5 ಡಿಗ್ರಿ ಎತ್ತರದಲ್ಲಿರುವಾಗ ನೆರಳು ವಸ್ತುವಿನ ಎತ್ತರದ ಹನ್ನೊಂದು ಪಟ್ಟಿಗೂ ಹೆಚ್ಚು ಉದ್ದವಿರುವುದರಿಂದ, ಐದೂವರೆ ಅಡಿ ಎತ್ತರದ ವ್ಯಕ್ತಿಯ ನೆರಳು ಅರುವತ್ತು ಅಡಿ ದಾಟಿ ಚಿತ್ರದ ನಟ್ಟನಡುವೆ ಮಲಗುತ್ತದೆ.

ಈ ಮೂರರಲ್ಲಿ ನನ್ನ ಮತ ಎರಡನೆಯದಕ್ಕೆ. ಸೂರ್ಯ ಚೌಕಟ್ಟಿನ ಎಡ ಅಥವಾ ಬಲ ಅಂಚಿನಿಂದ ಸ್ವಲ್ಪವೇ ಹೊರಗಿದ್ದಾಗ ಬೆಳಕು ಹುಲ್ಲಿನ ಹಿಂದಿನಿಂದ ಓರೆಯಾಗಿ ಬೀಳುತ್ತದೆ. ಪ್ರತಿಯೊಂದು ತೆನೆಯ ಸುತ್ತಲೂ ಕೂದಲೆಳೆಯಷ್ಟು ತೆಳುವಾದ ಹೊಳೆಯುವ ಅಂಚು ಮೂಡುತ್ತದೆ, ತೆನೆಗಳ ನಡುವಿನ ನೆರಳು ಹಾಗೆಯೇ ಉಳಿಯುತ್ತದೆ. ಗೋಧೂಳಿಯ ಹೊತ್ತಿಗೆ ಕುರಿಮಂದೆ ಹಾದುಹೋದರೆ ಏಳುವ ಧೂಳು ಕೂಡ ಇದೇ ಬೆಳಕಿನಲ್ಲಿ ಚಿನ್ನದ ಪರದೆಯಾಗುತ್ತದೆ. ಸೂರ್ಯ ನಮ್ಮ ಬೆನ್ನಿಗಿದ್ದಾಗ ಅದೇ ಧೂಳು ಬರಿಯ ಮಬ್ಬು. ಲೆನ್ಸ್‌ಗೆ ಹುಡ್ ಹಾಕಿ, ಅದು ಸಾಲದಿದ್ದರೆ ಎಡಗೈಯನ್ನು ಅಡ್ಡ ಹಿಡಿದು, ನೇರ ಬೆಳಕು ಗಾಜಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕಾಗುತ್ತದೆ. ಯುವಿ ಫಿಲ್ಟರ್ ಇದ್ದರೆ ಆ ಹೊತ್ತಿಗೆ ಬಿಚ್ಚಿಡುವುದು ಲೇಸು.

ಇದಕ್ಕಿಂತಲೂ ಹೆಚ್ಚು ವ್ಯತ್ಯಾಸ ಮಾಡುವುದು ಕ್ಯಾಮೆರಾದ ಎತ್ತರ. ಸಮತಟ್ಟು ನೆಲದಲ್ಲಿ ದಿಗಂತದ ಗೆರೆ, ಎದುರಿಗಿರುವ ವಸ್ತು ಹತ್ತಿರವಿರಲಿ ದೂರವಿರಲಿ, ಅದನ್ನು ಕ್ಯಾಮೆರಾ ಇರುವ ಎತ್ತರದಲ್ಲಿಯೇ ಹಾದುಹೋಗುತ್ತದೆ. ಗಂಡು ಕೃಷ್ಣಮೃಗದ ಭುಜದ ಎತ್ತರ ಸುಮಾರು 80 ಸೆಂಟಿಮೀಟರ್. ನಿಂತು, ಕಣ್ಣೆತ್ತರದಿಂದ ತೆಗೆದರೆ ಕೊಂಬಿನ ತುದಿಯನ್ನು ಬಿಟ್ಟು ಅದರ ಇಡೀ ದೇಹ ಹುಲ್ಲಿನ ಹಿನ್ನೆಲೆಯಲ್ಲಿ ಕೂರುತ್ತದೆ, ಕಪ್ಪು ಬೆನ್ನಿಗೂ ಒಣಹುಲ್ಲಿಗೂ ಒಳ್ಳೆಯ ಅಂತರ ಸಿಗುತ್ತದೆ. ಮೊಣಕಾಲೂರಿ ಕ್ಯಾಮೆರಾವನ್ನು ಅರ್ಧ ಮೀಟರಿಗೆ ಇಳಿಸಿದರೆ ಅದೇ ಪ್ರಾಣಿಯ ಬೆನ್ನು, ಕುತ್ತಿಗೆ, ಸುರುಳಿ ಕೊಂಬು ಎಲ್ಲವೂ ದಿಗಂತವನ್ನು ದಾಟಿ ಆಕಾಶಕ್ಕೆ ಏರುತ್ತವೆ. ಛಾಯಾಕೃತಿ (ಕಪ್ಪು ಆಕಾರ ಮಾತ್ರ ಕಾಣುವ ಚಿತ್ರ) ಬೇಕೆನ್ನುವವರಿಗೆ ಇದೇ ಸರಿ. ಇವೆರಡರ ನಡುವೆ, ಸೊಂಟದೆತ್ತರದಲ್ಲಿ ಹಿಡಿದಾಗ ಗೆರೆ ಸರಿಯಾಗಿ ಕುತ್ತಿಗೆಯ ಬುಡಕ್ಕೆ ಬಂದು ಅದನ್ನು ಕತ್ತರಿಸಿದಂತೆ ಕಾಣುತ್ತದೆ. ಕ್ಯಾಮೆರಾದ ಪರದೆಯನ್ನು ಮೇಲಕ್ಕೆ ಮಡಚಿ ಬಗ್ಗಿ ನೋಡುತ್ತ ತೆಗೆಯುವ ಅಭ್ಯಾಸವಿರುವವರಿಗೆ ಈ ಎತ್ತರ ತಾನಾಗಿಯೇ ಒದಗುವುದರಿಂದ ಇದನ್ನು ವಿಶೇಷವಾಗಿ ಹೇಳಬೇಕಾಯಿತು.

ಪ್ರಾಣಿ ಇಲ್ಲದ, ಬರಿಯ ಹುಲ್ಲಿನ ಚಿತ್ರದಲ್ಲಿ ಲೆಕ್ಕ ಬೇರೆಯಾಗುತ್ತದೆ. ಹತ್ತು ಮೀಟರಿನಿಂದ ನೂರು ಮೀಟರಿನವರೆಗಿನ ನೆಲ ಕಣ್ಣೆತ್ತರದಿಂದ ನೋಡಿದಾಗ ಸುಮಾರು 7.7 ಡಿಗ್ರಿಯಷ್ಟು ಹರಡಿಕೊಂಡಿದ್ದರೆ, ಅರ್ಧ ಮೀಟರ್ ಎತ್ತರದಿಂದ ಅದು 2.6 ಡಿಗ್ರಿಗೆ ಕುಗ್ಗುತ್ತದೆ. ಅಂದರೆ ಕೆಳಗಿಳಿದಷ್ಟೂ ಮುಂದಿನ ನಾಲ್ಕಾರು ಹುಲ್ಲಿನ ಬುಡಗಳು ದೊಡ್ಡದಾಗಿ ನಿಂತು, ಬಯಲಿನ ನಡುಭಾಗ ಇಲ್ಲವಾಗುತ್ತದೆ. ಬಂಡಿಜಾಡೋ ಕಾಲುದಾರಿಯೋ ಬಳುಕುತ್ತ ದೂರಕ್ಕೆ ಹೋಗುವುದನ್ನು ತೋರಿಸಬೇಕಾದರೆ ಕೆಳಗೆ ಕೂರುವುದರಿಂದ ಏನೂ ಸಿಗುವುದಿಲ್ಲ. ಹತ್ತಿರದಲ್ಲಿ ಕೆರೆಯ ಏರಿ ಇದ್ದರೆ ಅದನ್ನೇ ಹತ್ತಬೇಕು. ನೆಲಮಟ್ಟದ ಚಿತ್ರ ಮೊದಲ ನೋಟಕ್ಕೆ ಬೆರಗು ಹುಟ್ಟಿಸುತ್ತದೆಯಾದರೂ ಹಲವನ್ನು ಒಟ್ಟಿಗೆ ನೋಡಿದಾಗ ಎಲ್ಲವೂ ಒಂದೇ ಊರಿನ, ಒಂದೇ ಹುಲ್ಲಿನ ಚಿತ್ರಗಳಂತೆ ತೋರುತ್ತವೆ. ತೆನೆಗಳ ತುದಿಗಿಂತ ಒಂದು ಗೇಣು ಮೇಲೆ ಕ್ಯಾಮೆರಾ ಇಟ್ಟು, ಹುಲ್ಲಿನ ಮೇಲ್ಮೈ ಅಲೆಯಲೆಯಾಗಿ ಹಿಂದಕ್ಕೆ ಸರಿಯುವಂತೆ ಮಾಡುವುದು ನನಗೆ ಹೆಚ್ಚು ಹಿಡಿಸಿತು. ಅಷ್ಟು ಎತ್ತರಕ್ಕೆ ಟ್ರೈಪಾಡ್‌ಗಿಂತ, ಬ್ಯಾಗಿನ ಮೇಲೆ ಹುರುಳಿ ತುಂಬಿದ ಬಟ್ಟೆಚೀಲವನ್ನಿಟ್ಟು ಅದರ ಮೇಲೆ ಲೆನ್ಸನ್ನು ಒರಗಿಸುವುದು ಬೇಗ ಆಗುತ್ತದೆ. ಪ್ಯಾಂಟಿಗೆ ಮೆತ್ತಿಕೊಳ್ಳುವ ಉತ್ತರಾಣಿ ಬೀಜಗಳನ್ನು ಮನೆಗೆ ಬಂದು ಬಿಡಿಸಿಕೊಳ್ಳಬೇಕು, ಅಷ್ಟೇ.

ಲೆನ್ಸ್‌ನ ವಿಷಯಕ್ಕೆ ಬಂದರೆ, ಬಯಲು ಅಗಲವಾಗಿದೆ ಎಂಬ ಕಾರಣಕ್ಕೆ ಅಗಲ ನೋಟದ ಲೆನ್ಸನ್ನೇ ಹಾಕುವುದು ಸಹಜ. ಸೂರ್ಯನ ಬಿಂಬ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಮಾತ್ರ ಇರುವುದರಿಂದ ಲೆನ್ಸ್‌ನ ಫೋಕಲ್ ಉದ್ದ (ಇದು ಹೆಚ್ಚಿದಷ್ಟೂ ನೋಟ ಕಿರಿದು) 18 ಮಿ.ಮೀ. ಇದ್ದಾಗ ಅವನು ಚಿತ್ರದ ಅಗಲದ ನೂರನಲವತ್ತರಲ್ಲಿ ಒಂದು ಪಾಲಿನಷ್ಟು ಚುಕ್ಕೆಯಾಗುತ್ತಾನೆ, 200 ಮಿ.ಮೀ.ನಲ್ಲಿ ಹದಿಮೂರರಲ್ಲಿ ಒಂದು ಪಾಲು. ಆದುದರಿಂದ ಸೂರ್ಯನೇ ಮುಖ್ಯವೆನ್ನುವವರಿಗೆ ಉದ್ದ ಲೆನ್ಸ್ ಬಿಟ್ಟರೆ ಗತಿಯಿಲ್ಲ. ಹುಲ್ಲು ಮುಖ್ಯವೆನ್ನುವವರಿಗೂ 70ರಿಂದ 100 ಮಿ.ಮೀ. ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಅದು ದೂರದ ಜಾಲಿ ಮರ, ನಡುವಿನ ಹುಲ್ಲಿನ ಅಲೆ, ಹಿಂದಿನ ಗುಡ್ಡದ ಸಾಲು ಇವುಗಳನ್ನು ಹತ್ತಿರಕ್ಕೆ ತಂದು ಒಂದರ ಮೇಲೊಂದು ಜೋಡಿಸುತ್ತದೆ, ಬೇಡವಾದ ವಿದ್ಯುತ್ ಕಂಬಗಳನ್ನು ಹೊರಗಿಡುತ್ತದೆ. ಅಗಲ ಲೆನ್ಸ್ ಗೆಲ್ಲುವುದು ಮೋಡ ಚದುರಿದ ಸಂಜೆಗಳಲ್ಲಿ, ಅದೂ ಮುನ್ನೆಲೆಯಲ್ಲಿ ಗಟ್ಟಿಯಾದ ಏನಾದರೊಂದು, ಒಂದು ಬಂಡೆಯಾದರೂ, ಇದ್ದಾಗ. ಆಗ 18 ಮಿ.ಮೀ., ಎಫ್/11 (ಲೆನ್ಸ್‌ನ ಬೆಳಕಿಂಡಿಯನ್ನು ಕಿರಿದಾಗಿಸುವ ಅಳತೆ) ಇಟ್ಟು ಸುಮಾರು ಒಂದೂವರೆ ಮೀಟರಿಗೆ ಫೋಕಸ್ ಮಾಡಿದರೆ ಮುಕ್ಕಾಲು ಮೀಟರಿನಿಂದ ದಿಗಂತದವರೆಗೂ ಎಲ್ಲವೂ ಸ್ಪಷ್ಟವಾಗಿರುತ್ತದೆ.

ದಿಗಂತವನ್ನು ಮೂರನೇ ಒಂದು ಭಾಗದಲ್ಲಿ ಇಡಬೇಕೆಂಬ ನಿಯಮಕ್ಕೆ ‘ರೂಲ್ ಆಫ್ ಥರ್ಡ್ಸ್’ ಎಂಬ ಹೆಸರು ಕೊಟ್ಟವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ, 1797ರಲ್ಲಿ. ಮೋಡವಿಲ್ಲದ ಡಿಸೆಂಬರ್ ಸಂಜೆಗೆ ಆಕಾಶಕ್ಕೆ ಮೂರನೇ ಒಂದು ಪಾಲು ಕೊಡುವುದೂ ದಂಡವೆನಿಸುತ್ತದೆ; ಆರರಲ್ಲಿ ಒಂದು ಸಾಕು.

ಗಾಳಿಯನ್ನು ಮರೆಯುವಂತಿಲ್ಲ. ಸೂರ್ಯಾಸ್ತಕ್ಕೆ ಸ್ವಲ್ಪ ಮುಂಚೆ ಎಫ್/11, ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 100ರಲ್ಲಿ ಷಟರ್ ವೇಗ ಸುಮಾರು 1/30 ಸೆಕೆಂಡಿಗೆ ಇಳಿದಿರುತ್ತದೆ, ಅಷ್ಟರಲ್ಲಿ ತೆನೆಗಳು ಕದಡಿ ಹೋಗುತ್ತವೆ. ಐಎಸ್‌ಒ 800ಕ್ಕೆ ಏರಿಸಿ 1/250 ಪಡೆಯುವುದು ನನ್ನ ಆಯ್ಕೆ. ಚಿತ್ರದಲ್ಲಿ ಕಾಣುವ ತುಸು ಕಾಳುಕಾಳು ಒಣಹುಲ್ಲಿನಲ್ಲಿ ಗಮನಕ್ಕೇ ಬರುವುದಿಲ್ಲ.

ಸಮಯದ ವಿಚಾರದಲ್ಲಿ ಎರಡು ಪಂಗಡಗಳಿವೆ. ಸೂರ್ಯ ಮುಳುಗುವ ಕ್ಷಣಕ್ಕೆ ಕಾಯುವವರು ಒಂದು, ಅದಕ್ಕೂ ಮೊದಲಿನ ಬೆಳಕನ್ನು ನಂಬುವವರು ಇನ್ನೊಂದು. ಚಾಚಿದ ಕೈಯ ಮೂರು ಬೆರಳುಗಳು ಸೂರ್ಯನಿಗೂ ದಿಗಂತಕ್ಕೂ ನಡುವೆ ಹಿಡಿಸಿದರೆ ಸುಮಾರು 5 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಅವನು ಹೆಚ್ಚುಕಡಿಮೆ ನೇರವಾಗಿ ಇಳಿಯುವುದರಿಂದ ಅಲ್ಲಿಂದ ಮುಳುಗಲು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಹುಲ್ಲಿಗೆ ಬೇಕಾದ ಬೆಳಕೆಲ್ಲ ಈ ಅವಧಿಯ ಮೊದಲ ಭಾಗದಲ್ಲಿಯೇ ಇದೆ, ಮುಳುಗುವ ಕ್ಷಣದಲ್ಲಿ ಇರುವುದು ಆಕಾಶದ ಚಿತ್ರ ಮಾತ್ರ. ಮುಳುಗಿದ ಮೇಲೆ ಪೂರ್ವಕ್ಕೆ ತಿರುಗಿದರೆ ಶುಭ್ರ ಸಂಜೆಗಳಲ್ಲಿ ಭೂಮಿಯ ನೆರಳಿನ ನೀಲಿಬೂದು ಪಟ್ಟಿಯೂ ಅದರ ಮೇಲೆ ಗುಲಾಬಿ ಪಟ್ಟಿಯೂ ಕಾಣುತ್ತವೆ. ಅಷ್ಟು ಹೊತ್ತು ನಿಲ್ಲುವ ಯೋಚನೆಯಿದ್ದರೆ ಅರಣ್ಯ ಇಲಾಖೆ ಹೇಳಿದ ಹೊತ್ತಿಗೆ ಮೀಸಲಿನಿಂದ ಹೊರಬಂದು, ಹೊರಗಿನ ಗೋಮಾಳದಲ್ಲಿ ಮೊದಲೇ ಜಾಗ ಗುರುತಿಸಿಟ್ಟುಕೊಳ್ಳಬೇಕು. ಜಾಗ ಗುರುತಿಸುವಾಗ ತಿಂಗಳನ್ನೂ ಗಮನಿಸಬೇಕು: ಡಿಸೆಂಬರ್ ಕೊನೆಯಲ್ಲಿ ಸೂರ್ಯ ನೇರ ಪಶ್ಚಿಮದಿಂದ 24 ಡಿಗ್ರಿಯಷ್ಟು ದಕ್ಷಿಣಕ್ಕೆ, ಜೂನ್ ಕೊನೆಯಲ್ಲಿ ಅಷ್ಟೇ ಉತ್ತರಕ್ಕೆ ಸರಿದು ಮುಳುಗುತ್ತಾನೆ, ಚಳಿಗಾಲದಲ್ಲಿ ಆರಿಸಿದ ಜಾಲಿ ಮರ ಮುಂಗಾರಿನ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ.